ಓದುಗರ ಪ್ರಶ್ನೆ, ತಜ್ಞರ ಉತ್ತರ: ಮೊಡವೆ ಮದ್ದು, ಅಂದು ಮತ್ತು ಇಂದು

ಪ್ರಶ್ನೆ: ಹಿಂದಿನವರು ಮೊಡವೆಗೆ ಗಂಧಕದ ಮುಲಾಮು ಹಚ್ಚುತ್ತಿದ್ದರಂತೆ. ಅದರಲ್ಲಿ ನಿಜಕ್ಕೂ ಗುಣವಿತ್ತೇ?

ಉತ್ತರ: ಇತ್ತು, ಈಗಲೂ ಇದೆ. ಗಂಧಕ ಚರ್ಮದ ಮೇಲ್ಪದರದ ಸತ್ತ ಕೋಶಗಳನ್ನು ಸಡಿಲಿಸಿ ಉದುರಿಸುತ್ತದೆ. 3ರಿಂದ 10 ಶೇಕಡಾ ಗಂಧಕವಿರುವ ಲೇಪಗಳು ಇಂದೂ ಸಿಗುತ್ತವೆ. ಕೆಟ್ಟ ವಾಸನೆ, ಚರ್ಮ ಒಣಗುವುದು ಇವೆರಡೇ ಮುಖ್ಯ ತೊಂದರೆ.

ಆದರೆ ಹಳೆಯದೆಲ್ಲ ಹೀಗೆ ನಿರಪಾಯವಾಗಿರಲಿಲ್ಲ. 18 ಮತ್ತು 19ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹೆಸರಾಗಿದ್ದ ಗೌಲ್ಯಾಂಡ್ಸ್ ಲೋಷನ್‌ನಲ್ಲಿದ್ದದ್ದು ಪಾದರಸದ ಕ್ಲೋರೈಡ್ ಎಂಬ ವಿಷ. ಚರ್ಮ ಸುಲಿದು ಹೊಸ ಪದರ ಕಂಡಾಗ ಜನ ಗುಣವಾಯಿತೆಂದುಕೊಳ್ಳುತ್ತಿದ್ದರು. 20ನೇ ಶತಮಾನದ ಮೊದಲರ್ಧದಲ್ಲಿ ಮುಖಕ್ಕೆ ಎಕ್ಸ್‌ರೇ ಹಾಯಿಸುತ್ತಿದ್ದರು. ಜಿಡ್ಡಿನ ಗ್ರಂಥಿಗಳು ಕುಗ್ಗಿ ಮೊಡವೆ ಇಳಿಯುತ್ತಿತ್ತು, ನಿಜ. ದಶಕಗಳ ನಂತರ ಅವರಲ್ಲಿ ಕೆಲವರಿಗೆ ಚರ್ಮದ ಕ್ಯಾನ್ಸರ್, ಥೈರಾಯ್ಡ್ ಕ್ಯಾನ್ಸರ್ ಬಂತು. ಹದಿಹರೆಯದ ಮಕ್ಕಳಿಗೆ ಕೊಟ್ಟ ಚಿಕಿತ್ಸೆಯಿದು ಎಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಪ್ರಶ್ನೆ: ಅಡಾಪಲೀನ್ ಜೆಲ್ ಅನ್ನು ಮೊಡವೆ ಇರುವಲ್ಲಿ ಮಾತ್ರ ಮೂರು ವಾರ ಹಚ್ಚಿದೆ. ಇನ್ನೂ ಹೆಚ್ಚಾಯಿತು, ಬಿಟ್ಟುಬಿಟ್ಟೆ. ತಪ್ಪೆಲ್ಲಿ?

ಉತ್ತರ: ಎರಡು ತಪ್ಪು: ಹಚ್ಚಿದ ಜಾಗ ಮತ್ತು ಬಿಟ್ಟ ಸಮಯ. ಇಂದು ಕೆಂಪಗೆ ಕಾಣುವ ಮೊಡವೆ ಹುಟ್ಟಿದ್ದು ವಾರಗಳ ಹಿಂದೆ. ರೋಮರಂಧ್ರದ ಒಳಗೋಡೆಯ ಕೋಶಗಳು ಉದುರದೆ ಜಿಡ್ಡಿನೊಡನೆ ಅಂಟಿಕೊಂಡು ಕಣ್ಣಿಗೆ ಕಾಣದ ಬಿರಡೆಯಾಗುತ್ತವೆ. ಆಮೇಲೆ ಊತ, ಕೀವು. ಗಂಧಕದಂಥ ಹಳೆಯ ಮದ್ದುಗಳು ಹೆಚ್ಚಾಗಿ ಕಂಡ ಮೊಡವೆಯನ್ನು ಒಣಗಿಸಲು ಹೊರಟವು. ಅಮೆರಿಕದ ಚರ್ಮರೋಗ ತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು 1969ರಲ್ಲಿ ಟ್ರೆಟಿನಾಯಿನ್ ಎಂಬ, ಎ ಜೀವಸತ್ವಕ್ಕೆ ಸೇರಿದ ರೆಟಿನಾಯ್ಡ್ ಗುಂಪಿನ ಮದ್ದಿನ ಬಗ್ಗೆ ಪ್ರಕಟಿಸಿದ ಕೆಲಸದಿಂದ ದಿಕ್ಕು ಬದಲಾಯಿತು: ಗುರಿ ಈಗ ಬಿರಡೆ. ಅಡಾಪಲೀನ್ ಕೂಡ ಅದೇ ಗುಂಪಿನದು. ಹಾಗಾಗಿ ಮೊಡವೆ ಏಳುವ ಇಡೀ ಜಾಗಕ್ಕೆ ಹಚ್ಚಬೇಕು.

ರಾತ್ರಿ ಸೌಮ್ಯ ಕ್ಲೆನ್ಸರ್‌ನಿಂದ ಮುಖ ತೊಳೆದು ಪೂರ್ತಿ ಒಣಗಲು ಬಿಡಿ. ಒದ್ದೆ ಚರ್ಮದ ಮೇಲೆ ಹಚ್ಚಿದರೆ ಉರಿ ಜಾಸ್ತಿ. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಜೆಲ್ ಸಾಕು. ಹಣೆ, ಎರಡು ಕೆನ್ನೆ, ಗಲ್ಲಕ್ಕೆ ಚುಕ್ಕೆ ಇಟ್ಟು ತೆಳ್ಳಗೆ ಹರಡಿ. ಕಣ್ಣಂಚು, ಮೂಗಿನ ಪಕ್ಕದ ಮಡಿಕೆ, ತುಟಿಯ ಮೂಲೆ ಬಿಡಿ. ಮೊದಲ ಎರಡು ವಾರ ದಿನ ಬಿಟ್ಟು ದಿನ, ಮೇಲೆ ಮಾಯಿಶ್ಚರೈಸರ್. ಹಗಲು ಕನಿಷ್ಠ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ಮೊದಲ ವಾರಗಳಲ್ಲಿ ಮೊಡವೆ ಹೆಚ್ಚಿದಂತೆ ಕಾಣಬಹುದು. ನೀವು ಬಿಟ್ಟದ್ದು ಸರಿಯಾಗಿ ಆ ಹೊತ್ತಿಗೆ. 12 ವಾರ ಮುಗಿಯುವ ಮುನ್ನ ತೀರ್ಪು ಬೇಡ. ಗರ್ಭಿಣಿಯರು ಮಾತ್ರ ಈ ಗುಂಪಿನ ಮದ್ದನ್ನು ಹಚ್ಚಬಾರದು.

ಪ್ರಶ್ನೆ: ಕ್ಲಿಂಡಮೈಸಿನ್ ಜೆಲ್ ಮೊದಮೊದಲು ಚೆನ್ನಾಗಿ ಕೆಲಸ ಮಾಡಿತು, ಈಗ ಇಲ್ಲ. ಏಕೆ?

ಉತ್ತರ: ಕ್ಲಿಂಡಮೈಸಿನ್ ಒಂದು ಆಂಟಿಬಯಾಟಿಕ್. ಮೊಡವೆಯ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಹೋಗಿರಬಹುದು. 1950ರ ದಶಕದಲ್ಲಿ ಟೆಟ್ರಾಸೈಕ್ಲಿನ್ ಬಂದಾಗಿನಿಂದ ಆಂಟಿಬಯಾಟಿಕ್‌ಗಳನ್ನು ಮೊಡವೆಗೆ ತಿಂಗಳುಗಟ್ಟಲೆ ಬಳಸಿದ ಫಲವಿದು. ಈಗಿನ ನಿಯಮ: ಆಂಟಿಬಯಾಟಿಕ್ ಒಂದನ್ನೇ ಹಚ್ಚಬಾರದು, ಜೊತೆಗೆ ಬೆನ್ಝೋಯಿಲ್ ಪೆರಾಕ್ಸೈಡ್ ಇರಬೇಕು. ಅದು ಆಮ್ಲಜನಕ ಬಿಡುಗಡೆ ಮಾಡಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದರಿಂದ ಅದಕ್ಕೆ ಪ್ರತಿರೋಧ ಬೆಳೆದಿಲ್ಲ. 2.5 ಶೇಕಡಾ ಸಾಕು. 10ಕ್ಕೆ ಹೋದರೆ ಉರಿಯೇ ಹೆಚ್ಚು. ಬಣ್ಣದ ಟವೆಲ್, ದಿಂಬಿನ ಬಟ್ಟೆಗೆ ತಾಗಿದರೆ ಬಿಳಿ ಕಲೆ ಬೀಳುತ್ತದೆ, ಬಿಳಿ ಬಟ್ಟೆಯನ್ನೇ ಬಳಸಿ.

ಪ್ರಶ್ನೆ: ಸ್ನೇಹಿತೆಗೆ ಐಸೊಟ್ರೆಟಿನಾಯಿನ್ ಮಾತ್ರೆಯಿಂದ ಪೂರ್ತಿ ವಾಸಿಯಾಯಿತು. ಅವಳ ಉಳಿದ ಮಾತ್ರೆ ನಾನು ತೆಗೆದುಕೊಳ್ಳಬಹುದೇ?

ಉತ್ತರ: ಖಂಡಿತ ಬೇಡ. ಅಮೆರಿಕದಲ್ಲಿ 1982ರಲ್ಲಿ ಒಪ್ಪಿಗೆ ಪಡೆದ ಈ ಮಾತ್ರೆ ಗಡ್ಡೆಯಂಥ, ಕಲೆ ಉಳಿಸುವ ಮೊಡವೆಗೆ ಇರುವ ಅತ್ಯಂತ ಬಲವಾದ ಮದ್ದು. ಆದರೆ ಗರ್ಭದಲ್ಲಿರುವ ಮಗುವಿಗೆ ತೀವ್ರ ಅಂಗವೈಕಲ್ಯ ತರುತ್ತದೆ. ಗರ್ಭಿಣಿಯಾಗಬಲ್ಲವರು ಮಾತ್ರೆ ಶುರುಮಾಡುವ ಮುನ್ನ ಗರ್ಭಪರೀಕ್ಷೆ ಮಾಡಿಸಬೇಕು. ತೆಗೆದುಕೊಳ್ಳುವಾಗಲೂ, ನಿಲ್ಲಿಸಿ ಒಂದು ತಿಂಗಳವರೆಗೂ ಗರ್ಭನಿರೋಧಕ ಕಡ್ಡಾಯ. ಯಕೃತ್ತು ಮತ್ತು ರಕ್ತದ ಕೊಬ್ಬಿನ ಪರೀಕ್ಷೆಯೂ ಬೇಕು. ಡೋಸ್ ತೂಕದ ಮೇಲೆ ನಿಂತಿದೆ: ಸಾಮಾನ್ಯವಾಗಿ ದಿನಕ್ಕೆ ಕಿಲೋಗೆ 0.5ರಿಂದ 1 ಮಿಲಿಗ್ರಾಂ, ಕೊಬ್ಬಿನಂಶವಿರುವ ಊಟದ ಜೊತೆ. ಸ್ನೇಹಿತೆಯ ತೂಕ ನಿಮ್ಮದಲ್ಲ, ಅವಳ ಪರೀಕ್ಷೆಯ ವರದಿಯೂ ನಿಮ್ಮದಲ್ಲ. ಚರ್ಮರೋಗ ತಜ್ಞರನ್ನು ನೀವೇ ಕಾಣಿ.