ಎಣಿಕೆ ಸರಿಯಿದೆ, ವಸ್ತುವೇ ತಪ್ಪಿದೆ

ನಮಸ್ಕಾರ,

ಪರಮಾಣುಗಳನ್ನು ಎಣಿಸಿ ರಾಸಾಯನಿಕ ಸಮೀಕರಣ ಸರಿದೂಗಿಸುವುದು ಹೇಗೆ ಎಂದು ವಿದ್ಯಾರ್ಥಿಗಳಿಗಾಗಿ ನೀವು ಬರೆದ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ತಿದ್ದಿದರೆ ಒಳ್ಳೆಯ ಲೇಖನವಾಗುತ್ತದೆ ಎಂಬ ನಂಬಿಕೆಯಿದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ದೊಡ್ಡ ತಪ್ಪು. ಅಲ್ಯೂಮಿನಿಯಂ ಆಕ್ಸಿಜನ್ನಿನೊಂದಿಗೆ ಸೇರುವ ಉದಾಹರಣೆಯಲ್ಲಿ, ಬಲಗಡೆ ಒಂದು ಅಲ್ಯೂಮಿನಿಯಂಗೆ ಎರಡು ಆಕ್ಸಿಜನ್ ಅಂಟಿಸಿ 'ಸರಿದೂಗಿತು' ಎಂದಿದ್ದೀರಿ. ಎಣಿಕೆಯೇನೋ ಸರಿ, ಆದರೆ ಅಲ್ಲಿ ಉಂಟಾಗುವ ವಸ್ತು ಅದಲ್ಲ. ಅಲ್ಯೂಮಿನಿಯಂ ಮೂರು ಇಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಆಕ್ಸಿಜನ್ ಎರಡನ್ನು ಪಡೆಯುತ್ತದೆ. ಹಾಗಾಗಿ ಆಕ್ಸೈಡಿನಲ್ಲಿ ಎರಡು ಅಲ್ಯೂಮಿನಿಯಂಗೆ ಮೂರು ಆಕ್ಸಿಜನ್ ಇರುತ್ತದೆ. ಆ ಸೂತ್ರವನ್ನು ಮುಟ್ಟದೆ, ಅದರ ಮುಂದೆ ಸಹಗುಣಕ (ಎಷ್ಟು ಎಂದು ಹೇಳುವ ಅಂಕಿ) ಹಾಕುತ್ತಾ ಹೋದರೆ 4 ಅಲ್ಯೂಮಿನಿಯಂ, 3 ಆಕ್ಸಿಜನ್ ಅಣು, 2 ಅಲ್ಯೂಮಿನಿಯಂ ಆಕ್ಸೈಡ್ ಬರುತ್ತದೆ.

ಸೂತ್ರದೊಳಗಿನ ಅಂಕಿ ಬದಲಿಸಬಾರದು ಎಂದು ಎರಡನೇ ಪ್ಯಾರಾದಲ್ಲಿ ನೀವೇ ಬರೆದಿದ್ದೀರಿ. ಯಾಕೆ ಬದಲಿಸಬಾರದು ಎಂದು ಮಾತ್ರ ಎಲ್ಲೂ ಹೇಳಿಲ್ಲ. ಕಾರಣ ಗೊತ್ತಿಲ್ಲದ ನಿಯಮವನ್ನು ಮಕ್ಕಳು ಪರೀಕ್ಷೆಯ ಗಡಿಬಿಡಿಯಲ್ಲಿ ಮರೆಯುತ್ತಾರೆ. ನೀರಿನ ಅಣುವಿಗೆ ಇನ್ನೊಂದು ಆಕ್ಸಿಜನ್ ಸೇರಿಸಿದರೆ ಅದು ಹೈಡ್ರೋಜನ್ ಪೆರಾಕ್ಸೈಡ್ ಆಗಿಬಿಡುತ್ತದೆ, ಕುಡಿಯುವ ನೀರಾಗಿ ಉಳಿಯುವುದಿಲ್ಲ ಎಂದು ಬರೆಯಿರಿ. ಸಹಗುಣಕ ಹೇಳುವುದು 'ಎಷ್ಟು', ಸೂತ್ರ ಹೇಳುವುದು 'ಯಾವುದು'.

ಹೈಡ್ರೋಜನ್, ಆಕ್ಸಿಜನ್ ಸೇರಿ ನೀರಾಗುವುದನ್ನು ಪುಟಗಟ್ಟಲೆ ವಿವರಿಸಿದ್ದೀರಿ. ಅದನ್ನು ಯಾರಾದರೂ ಊಹಿಸಿಯೇ ಬರೆದುಬಿಡುತ್ತಾರೆ, ವಿಧಾನದ ಅಗತ್ಯವೇ ಕಾಣುವುದಿಲ್ಲ. ಅದರ ಬದಲು ಪ್ರೊಪೇನ್ ಉರಿಯುವುದನ್ನು ತೆಗೆದುಕೊಳ್ಳಿ. ಅದರ ಅಣುವಿನಲ್ಲಿ ಮೂರು ಕಾರ್ಬನ್, ಎಂಟು ಹೈಡ್ರೋಜನ್. ಕಾರ್ಬನ್ ಎಣಿಸಿದರೆ ಬಲಗಡೆ 3 ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಎಣಿಸಿದರೆ 4 ನೀರು. ಈಗ ಬಲಗಡೆಯ ಆಕ್ಸಿಜನ್ ಪರಮಾಣುಗಳು ಆರು ಮತ್ತು ನಾಲ್ಕು, ಒಟ್ಟು ಹತ್ತು. ಒಂದು ಆಕ್ಸಿಜನ್ ಅಣುವಿನಲ್ಲಿ ಎರಡು ಪರಮಾಣು, ಹಾಗಾಗಿ ಎಡಗಡೆ ಬೇಕಾದದ್ದು 5 ಅಣು. ಆಕ್ಸಿಜನ್ನನ್ನು ಕೊನೆಗೆ ಯಾಕೆ ಇಟ್ಟುಕೊಂಡೆವು? ಎಡಗಡೆ ಅದು ಒಂಟಿಯಾಗಿದೆ, ಅದರ ಸಂಖ್ಯೆ ಬದಲಿಸಿದರೆ ಬೇರೆ ಯಾವ ಧಾತುವಿನ ಲೆಕ್ಕವೂ ಕೆಡುವುದಿಲ್ಲ. ನಿಮ್ಮ ಲೇಖನದಲ್ಲಿ ನಾನು ಹುಡುಕಿ ಸಿಗದಿದ್ದದ್ದು ಈ ಕಾರಣವೇ.

ಅದರ ಬೆನ್ನಿಗೇ ಈಥೇನ್ ಕೊಡಿ. ಎರಡು ಕಾರ್ಬನ್, ಆರು ಹೈಡ್ರೋಜನ್. ಅದೇ ದಾರಿಯಲ್ಲಿ ಹೋದರೆ ಬಲಗಡೆ ಏಳು ಆಕ್ಸಿಜನ್ ಪರಮಾಣು ಬಂದು, ಎಡಗಡೆ ಮೂರೂವರೆ ಅಣು ಬೇಕಾಗುತ್ತದೆ. ವಿದ್ಯಾರ್ಥಿ ಪೆನ್ಸಿಲ್ ಕೆಳಗಿಡುವುದು ಇಲ್ಲೇ. ನೀವು ಇಂಥ ಜಾಗಗಳನ್ನೆಲ್ಲ ದಾಟಿ ನೇರ ಉತ್ತರ ಕೊಟ್ಟಿದ್ದೀರಿ. ಮೂರೂವರೆಯನ್ನು ಹಾಗೇ ಬರೆದು ತೋರಿಸಿ, ಆಮೇಲೆ ಎಲ್ಲವನ್ನೂ ಎರಡರಿಂದ ಗುಣಿಸಿ: 2 ಈಥೇನ್, 7 ಆಕ್ಸಿಜನ್, 4 ಕಾರ್ಬನ್ ಡೈಆಕ್ಸೈಡ್, 6 ನೀರು.

ತಕ್ಕಡಿಯ ಹೋಲಿಕೆ ಬೇಡ. ತಕ್ಕಡಿಗೆ ಒಟ್ಟು ತೂಕ ಸಮನಾದರೆ ಸಾಕು. ಇಲ್ಲಿ ಪ್ರತಿ ಧಾತುವಿನ ಪರಮಾಣುಗಳೂ ಬೇರೆಬೇರೆಯಾಗಿ ಸಮನಾಗಬೇಕು. ಅಣುಗಳ ಸಂಖ್ಯೆಯಂತೂ ಸಮನಾಗಬೇಕಿಲ್ಲ. ಪ್ರೊಪೇನಿನಲ್ಲಿ ಎಡಗಡೆ ಆರು ಅಣು, ಬಲಗಡೆ ಏಳು. ಬಹಳ ಮಕ್ಕಳು ಇದನ್ನೇ ತಪ್ಪೆಂದು ತಿಳಿದು ಸರಿಯುತ್ತರವನ್ನು ಅಳಿಸಿಬಿಡುತ್ತಾರೆ, ದಯವಿಟ್ಟು ಇದಕ್ಕೊಂದು ಪ್ಯಾರಾ ಕೊಡಿ.

ಫ್ರೆಂಚ್ ರಸಾಯನಶಾಸ್ತ್ರಜ್ಞ ಲವಾಸಿಯೆಯ ಜೀವನಚರಿತ್ರೆ ಪೂರ್ತಿ ತೆಗೆಯಿರಿ. ಕ್ರಿಯೆಗೆ ಮುಂಚೆ ಇದ್ದಷ್ಟೇ ದ್ರವ್ಯ ಆಮೇಲೂ ಇರುತ್ತದೆ ಎಂದು ಅವನು 1789ರ ತನ್ನ ಪಠ್ಯಪುಸ್ತಕದಲ್ಲಿ ಬರೆದ ಎಂಬ ಒಂದು ವಾಕ್ಯ ಸಾಕು. ಪಕ್ಕದಲ್ಲೇ ಪ್ರೊಪೇನಿನ ಲೆಕ್ಕ ಇಡಿ: 44 ಗ್ರಾಂ ಪ್ರೊಪೇನ್, 160 ಗ್ರಾಂ ಆಕ್ಸಿಜನ್ ಸೇರಿ 204, ಆಚೆ ಕಾರ್ಬನ್ ಡೈಆಕ್ಸೈಡ್ 132 ಮತ್ತು ನೀರು 72, ಅದೂ 204. ಓದುವವರು ತಾವೇ ಕೂಡಿ ನೋಡಲಿ.

'ಸರಿದೂಗಿದರೆ ಸಮೀಕರಣ ನಿಜ' ಎಂಬ ನಿಮ್ಮ ಕೊನೆಯ ವಾಕ್ಯವನ್ನು ಹೊಡೆದುಹಾಕಿದ್ದೇನೆ. ತಾಮ್ರ ಮತ್ತು ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಹೈಡ್ರೋಕ್ಲೋರಿಕ್ ಆಮ್ಲ ಸೇರಿ ತಾಮ್ರದ ಕ್ಲೋರೈಡ್, ಹೈಡ್ರೋಜನ್ ಬರುತ್ತದೆ ಎಂದು ಚೆಂದವಾಗಿ ಸರಿದೂಗಿಸಿ ಬರೆಯಬಹುದು. ಆದರೆ ಪ್ರನಾಳದಲ್ಲಿ ಏನೂ ನಡೆಯುವುದಿಲ್ಲ, ಧಾತುಗಳನ್ನು ಹೆಚ್ಚು ಕ್ರಿಯಾಶೀಲದಿಂದ ಕಡಿಮೆಯದಕ್ಕೆ ಜೋಡಿಸಿದ ಕ್ರಿಯಾಶೀಲತೆಯ ಸರಣಿಯಲ್ಲಿ ತಾಮ್ರ ಹೈಡ್ರೋಜನ್ನಿಗಿಂತ ಕೆಳಗಿದೆ, ಅದನ್ನು ಆಮ್ಲದಿಂದ ಹೊರದೂಡಲಾರದು. ಅಯಾನುಗಳ (ವಿದ್ಯುದಾವೇಶವಿರುವ ಕಣಗಳ) ಸಮೀಕರಣದಲ್ಲಿ ವಿದ್ಯುದಾವೇಶವನ್ನೂ ಎಣಿಸಬೇಕಾದ್ದು ಬೇರೆಯದೇ ಲೇಖನದ ವಿಷಯ, ಇದರಲ್ಲಿ ತುರುಕಬೇಡಿ.

ಹೊಸ ಪ್ರತಿಯನ್ನು ಈಗಿನದರ ಅರ್ಧಕ್ಕೆ ಇಳಿಸಿ ಕಳಿಸಿ. ಕಳಿಸುವ ಮುಂಚೆ ಒಂದೊಂದು ಸಮೀಕರಣವನ್ನೂ ಧಾತುವಾರು ಮತ್ತೆ ಎಣಿಸಿ.

ವಿಶ್ವಾಸದಿಂದ,
ಸಂಪಾದಕರು