ಮನೆ ದುರಸ್ತಿ ಪ್ರಶ್ನೋತ್ತರ: ಮಲೆನಾಡಿನ ಮನೆಗೆ ಲ್ಯಾಮಿನೇಟ್ ನೆಲ

ಪ್ರಶ್ನೆ: ನಮ್ಮದು ರೆಡ್ ಆಕ್ಸೈಡ್ ನೆಲದ ಹಳೇ ಮನೆ. 14 ಅಡಿ ಉದ್ದ, 11 ಅಡಿ ಅಗಲದ ಕೋಣೆಗೆ ನಾವೇ ಲ್ಯಾಮಿನೇಟ್ ಹಾಕಬೇಕೆಂದಿದ್ದೇವೆ. ನೆಲ ಅಗೆಸಬೇಕೆ? ಎಷ್ಟು ಸಾಮಾನು ಬೇಕು?
– ಓದುಗರು, ಮೂಡಿಗೆರೆ

ಉತ್ತರ: ಅಗೆಸುವುದು ಬೇಡ, ಆದರೆ ಥಂಡಿ ಏಳುತ್ತದೆಯೇ ಎಂದು ಮೊದಲು ನೋಡಿ. ಈ ಪರೀಕ್ಷೆಗೆ ಮಳೆಗಾಲವೇ ಸರಿಯಾದ ಸಮಯ. ಬೇಸಿಗೆಯಲ್ಲಿ ಎಲ್ಲ ನೆಲವೂ ಒಣಗಿದಂತೆಯೇ ಕಾಣುತ್ತದೆ. ಒಂದು ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಮೂರು ದಿನ ಬಿಡಿ. ಅಡಿಯಲ್ಲಿ ಹನಿ ಕಟ್ಟಿದರೆ ಅಥವಾ ನೆಲ ಕಪ್ಪಾದರೆ ಹಲಗೆ ತರಲೇಬೇಡಿ. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳುತ್ತಿದೆಯೇ ನೋಡಿ, ಅದನ್ನು ಮೊದಲು ತಪ್ಪಿಸಿ. ಹಲಗೆಯ ಒಳಗಿರುವುದು ಒತ್ತಿ ಮಾಡಿದ ಮರದ ನಾರು. ಒಮ್ಮೆ ಉಬ್ಬಿದರೆ ಒಣಗಿದ ಮೇಲೂ ಮೊದಲಿನಂತಾಗದು.

ನಿಮ್ಮ ಕೋಣೆ 154 ಚದರ ಅಡಿ. ಕತ್ತರಿಸಿ ಹೋಗುವುದಕ್ಕೆ ಶೇ. 10 ಸೇರಿಸಿ 170 ಚದರ ಅಡಿ ತನ್ನಿ. 8 ಮಿ.ಮೀ. ದಪ್ಪದ್ದು ಸಾಕು. ಪ್ಯಾಕ್ ಒಡೆಯದೆ ಅದೇ ಕೋಣೆಯಲ್ಲಿ 48 ಗಂಟೆ ಮಲಗಿಸಿಡಿ. ನೆಲದಲ್ಲಿ 2 ಮೀಟರ್‌ಗೆ 3 ಮಿ.ಮೀ.ಗಿಂತ ಹೆಚ್ಚು ತಗ್ಗಿದ್ದರೆ ತುಂಬಿಸಿ. ಮೇಲೆ 200 ಮೈಕ್ರಾನ್ ಪ್ಲಾಸ್ಟಿಕ್ ಶೀಟ್: ಒಂದರ ಮೇಲೊಂದು 20 ಸೆಂ.ಮೀ. ಬರಲಿ, ಸೇರುವಲ್ಲಿ ಟೇಪ್ ಹಾಕಿ. ಅದರ ಮೇಲೆ 2 ಅಥವಾ 3 ಮಿ.ಮೀ. ಫೋಮ್. ಮೆತ್ತಗಿರಲಿ ಎಂದು ಎರಡು ಪದರ ಹಾಕಿದರೆ ಕಾಲಿಟ್ಟಲ್ಲೆಲ್ಲ ಹಲಗೆ ಬಾಗಿ, ಹಲಗೆಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಚಿನ ಲಾಕ್ ಮುರಿಯುತ್ತದೆ.

ಸಾಲುಗಳ ಲೆಕ್ಕವನ್ನು ಮೊದಲೇ ಹಾಕಿ. 11 ಅಡಿ ಎಂದರೆ 3353 ಮಿ.ಮೀ.; ಹಲಗೆ ಹಿಗ್ಗಲು ಎರಡೂ ಕಡೆ 10 ಮಿ.ಮೀ. ಸಂದು ಬಿಟ್ಟರೆ 3333. ಹಲಗೆಯ ಅಗಲ 195 ಆದರೆ 17 ಸಾಲು ಕೂತು 18 ಮಿ.ಮೀ. ಉಳಿಯುತ್ತದೆ. ಅಷ್ಟು ಸಣ್ಣ ಪಟ್ಟಿ ನಿಲ್ಲುವುದಿಲ್ಲ. ಆದ್ದರಿಂದ ಮೊದಲ ಸಾಲನ್ನೇ 106 ಮಿ.ಮೀ.ಗೆ ಸೀಳಿ, ನಡುವೆ 16 ಪೂರ್ತಿ ಸಾಲು, ಕೊನೆಯದು 107 ಬರುತ್ತದೆ. ಅಕ್ಕಪಕ್ಕದ ಸಾಲುಗಳ ಕೂಡು ಕನಿಷ್ಠ 30 ಸೆಂ.ಮೀ. ಆಚೀಚೆ ಇರಲಿ. ಸುತ್ತಿಗೆಯಿಂದ ಹಲಗೆಗೆ ನೇರವಾಗಿ ಬಡಿಯಬೇಡಿ, ನಡುವೆ ಮರದ ತುಂಡು ಇಡಿ.

ಪ್ರಶ್ನೆ: ಮಾರ್ಚ್‌ನಲ್ಲಿ ನಾವೇ ಹಾಕಿದ ನೆಲ ಜುಲೈನಲ್ಲಿ ನಡುವೆ ಎದ್ದಿದೆ. ಪೂರ್ತಿ ಕೀಳಬೇಕೆ?
– ಓದುಗರು, ಸಕಲೇಶಪುರ

ಉತ್ತರ: ಸದ್ಯಕ್ಕೆ ಬೇಡ. ಬೇಸಿಗೆಯಲ್ಲಿ ಕೂರಿಸಿದ ಹಲಗೆ ಮಳೆಗಾಲದ ತೇವಕ್ಕೆ ಹಿಗ್ಗಿ, ಜಾಗ ಸಾಲದೆ ಮೇಲೆದ್ದಿರುತ್ತದೆ. ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಬಿಚ್ಚಿ ಸುತ್ತಲೂ ನೋಡಿ. ಹೆಚ್ಚಾಗಿ ತಾಗಿರುವುದು ಬಾಗಿಲ ಚೌಕಟ್ಟಿನ ಬುಡದಲ್ಲಿ, ಅಲ್ಲಿ ಸಂದು ಬಿಡುವುದನ್ನು ಮರೆತಿರುತ್ತಾರೆ. ತಾಗಿದ ಕಡೆ 10 ಮಿ.ಮೀ. ಕತ್ತರಿಸಿದರೆ ಕೆಲವು ದಿನಗಳಲ್ಲಿ ತಾನಾಗಿ ಕೂರುತ್ತದೆ. ಸ್ಕರ್ಟಿಂಗ್ ಮೊಳೆ ಗೋಡೆಗೇ ಇರಲಿ, ಹಲಗೆಗೆ ಬೇಡ. ಕೂಡುಗಳ ಅಂಚೇ ದಪ್ಪಗಾಗಿ ಬೆರಳಿಗೆ ಏಣಿನಂತೆ ಸಿಕ್ಕರೆ ಮಾತ್ರ ನೀರು ಒಳಗಿಳಿದಿದೆ ಎಂದರ್ಥ. ಆ ಹಲಗೆಗಳನ್ನು ಬದಲಿಸಲೇಬೇಕು.

ಪ್ರಶ್ನೆ: ಅಡುಗೆಮನೆಗೂ ಇದನ್ನೇ ಹಾಕಬಹುದೆ?
– ಓದುಗರು, ಚಿಕ್ಕಮಗಳೂರು

ಉತ್ತರ: ಬೇಡ. ದಿನಾ ನೀರು ಚೆಲ್ಲುವ ಜಾಗಕ್ಕೆ ಟೈಲ್ಸೇ ಸರಿ. ಉಳಿದ ಕೋಣೆಗಳನ್ನೂ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲೇ ಒರೆಸಿ.