ಆಯಿಯ ಬಂಗಾರ ಸೊಸೈಟಿಯಲ್ಲಿ, ಮಗಳು ಜರ್ಮನಿಯಲ್ಲಿ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ನಾನು ಜರ್ಮನಿಯಲ್ಲಿ ಎಂಎಸ್ ಓದುತ್ತಿದ್ದೇನೆ. ಈ ಸೆಮಿಸ್ಟರ್ ಪೂರ್ತಿ ಒಂದು ಕಂಪನಿಯಲ್ಲಿ ಇಂಟರ್ನ್‌ಶಿಪ್, ಕೋರ್ಸಿನಲ್ಲೇ ಕಡ್ಡಾಯ. ಸಿಗುವ ದುಡ್ಡು ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆ. ಕಳೆದ ಮಳೆಗಾಲದಲ್ಲಿ ಕೊಳೆರೋಗ ಬಂದು ನಮ್ಮ ತೋಟದ ಅರ್ಧ ಅಡಿಕೆ ಉದುರಿತಂತೆ. ಆಯಿಯ ಬಂಗಾರ ಸೊಸೈಟಿಯಲ್ಲಿ ಅಡ ಇದೆಯಂತೆ. ಇದನ್ನೆಲ್ಲ ಹೇಳಿದ್ದು ಚಿಕ್ಕಪ್ಪನ ಮಗ. ಅಪ್ಪನ ಹತ್ತಿರ ಕೇಳಿದರೆ 'ಎಂತದೂ ಇಲ್ಲೆ, ಎಲ್ಲ ಆರಾಮು' ಅನ್ನುತ್ತಾನೆ. ನಾನೂ ಆರಾಮು ಅಂತಲೇ ಹೇಳುತ್ತೇನೆ. ರಾತ್ರಿ ಬರೀ ಬ್ರೆಡ್ಡು ತಿಂದು ಅತ್ತು ಮಲಗುವುದನ್ನು ಹೇಳಿಲ್ಲ. ಸೀನಿಯರ್ ಒಬ್ಬರು ರೆಸ್ಟೋರೆಂಟಿನಲ್ಲಿ ಶನಿವಾರ, ಭಾನುವಾರ ರಾತ್ರಿ ಪಾತ್ರೆ ತೊಳೆಯುವ ಕೆಲಸ ಇದೆ, ಗಂಟೆಗೆ 9 ಯೂರೋ ಕೈಗೇ ಕೊಡುತ್ತಾರೆ, ಕಾಗದಪತ್ರ ಏನೂ ಬೇಡ ಅಂದಿದ್ದಾರೆ. ಅದನ್ನು ಮಾಡಿ ಮನೆಗೆ ದುಡ್ಡು ಕಳಿಸಲೇ? ಅಥವಾ ಎಲ್ಲ ಬಿಟ್ಟು ಊರಿಗೆ ಬಂದುಬಿಡಲೇ?

ಉತ್ತರ: ತಂಗಿ, ಮೊದಲು ಆ ರೆಸ್ಟೋರೆಂಟಿನ ವಿಷಯ ಮುಗಿಸಿಬಿಡೋಣ. ಬೇಡ.

ಪಾತ್ರೆ ತೊಳೆಯುವುದರಲ್ಲಿ ನಾಚಿಕೆ ಏನೂ ಇಲ್ಲ. ನಿನ್ನ ಆಯಿ ದಿನಾ ಮೂರು ಹೊತ್ತು ಅದನ್ನೇ ಮಾಡುತ್ತಾರೆ, ಅದೂ ಬಿಟ್ಟಿ. ನನಗೆ ಸರಿ ಕಾಣದಿದ್ದದ್ದು 'ಕಾಗದಪತ್ರ ಏನೂ ಬೇಡ' ಅನ್ನುವ ಮಾತು. ಜರ್ಮನಿಯಲ್ಲಿ 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. 9 ಕೊಡುವವನು ಗಂಟೆಗೆ ಹತ್ತಿರ ಹತ್ತಿರ 5 ಯೂರೋ ನಿನ್ನಿಂದಲೇ ಹೊಡೆಯುತ್ತಿದ್ದಾನೆ. ತಿಂಗಳ ಕೊನೆಗೆ ಆ ಒಂಬತ್ತನ್ನೂ ಕೊಡದೆ ಸತಾಯಿಸಿದರೆ ಯಾರ ಹತ್ತಿರ ಹೋಗಿ ಕೇಳುತ್ತೀಯ? ಇಂಥ ಕಳ್ಳ ಕೆಲಸ ಹಿಡಿಯಲಿಕ್ಕೆ ಅಲ್ಲಿ ಕಸ್ಟಮ್ಸ್ ಇಲಾಖೆಯಲ್ಲೇ ಒಂದು ವಿಭಾಗ ಇದೆ. ಹೇಳದೆ ಕೇಳದೆ ಹೋಟೆಲಿನ ಅಡುಗೆಮನೆಗೆ ಬಂದು ನಿಲ್ಲುತ್ತಾರೆ. ಸಿಕ್ಕಿಬಿದ್ದರೆ ಮಾಲಕ ದಂಡ ಕಟ್ಟಿ ಮರುದಿನ ಅಂಗಡಿ ತೆರೆಯಬಹುದು. ನೀನು ವೀಸಾ ಕಚೇರಿಯ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಕೆಲಸ ಮಾಡಲೇಬೇಕು ಅನ್ನಿಸಿದರೆ ಕಾನೂನಿನಲ್ಲೇ ದಾರಿ ಇದೆ. ನಿನ್ನಂಥ ಹೊರದೇಶದ ವಿದ್ಯಾರ್ಥಿಗಳು ಅಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. 2024ರ ಮಾರ್ಚ್‌ಗೆ ಮೊದಲು ಇದು 120 ದಿನ ಇತ್ತು. ಕೋರ್ಸಿನಲ್ಲಿ ಕಡ್ಡಾಯ ಇರುವ ಇಂಟರ್ನ್‌ಶಿಪ್ ಈ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ನಿನ್ನ ದಿನಗಳು ಇನ್ನೂ ಹಾಗೇ ಉಳಿದಿರಬಹುದು. ರೆಸಿಡೆನ್ಸ್ ಪರ್ಮಿಟ್ ಜೊತೆ ಕೊಟ್ಟ ಹಾಳೆ ತೆಗೆದು ಒಮ್ಮೆ ಓದು. ಈಗಿನ ಕಂಪನಿಗೂ ತಿಳಿಸಬೇಕಾಗುತ್ತದೆ. ಶನಿವಾರ ಒಂದು ದಿನ ಸಾಕು. ಭಾನುವಾರ ಬಿಡು, ಆ ದಿನ ನನಗೆ ಬೇಕು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇನ್ನು 'ಬಂದುಬಿಡಲೇ' ಅಂದೆಯಲ್ಲ. ಬಂದು ಮಾಡುವುದೇನು? ಅಡಿಕೆ ಕೊಯ್ಯುವ ಕೊನೆಗೌಡ ಸಿಗದ ದಿನ ನೀನು ಮರ ಹತ್ತುತ್ತೀಯಾ? ಉದುರಿದ ಅಡಿಕೆ ನೀನು ಬಂದರೂ ಉದುರಿದ್ದೇ. ಸೆಮಿಸ್ಟರ್ ಹೋಗುತ್ತದೆ, ವಿಮಾನದ ಟಿಕೆಟ್ ಖರ್ಚು, ಶಿಕ್ಷಣ ಸಾಲ ಇದ್ದರೆ ಅದರ ಬಡ್ಡಿಯೂ ನಿಲ್ಲುವುದಿಲ್ಲ. ಅಪ್ಪನ ತಲೆಬಿಸಿಗೆ ಇನ್ನೊಂದು ಸೇರುತ್ತದೆ, ಅಷ್ಟೇ.

ನಿನ್ನ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಮಾತು. ಅಪ್ಪ 'ಎಲ್ಲ ಆರಾಮು' ಅನ್ನುತ್ತಾರೆ, ನೀನೂ ಆರಾಮು ಅನ್ನುತ್ತೀಯ. ಇಬ್ಬರೂ ಸುಳ್ಳು ಹೇಳುತ್ತಿದ್ದೀರಿ, ಇಬ್ಬರಿಗೂ ಅದು ಗೊತ್ತು. ದುಡ್ಡು ಎಷ್ಟು ಸಾಲದು ಅನ್ನುವುದೇ ನಿನಗೆ ಗೊತ್ತಿಲ್ಲ. ಹತ್ತು ಸಾವಿರವೋ, ನಾಲ್ಕು ಲಕ್ಷವೋ? ಗೊತ್ತಿಲ್ಲದ ಗುಂಡಿ ತುಂಬಲಿಕ್ಕೆ ನಿದ್ದೆಗೆಟ್ಟು ಪಾತ್ರೆ ತೊಳೆಯಲು ಹೊರಟಿದ್ದೀಯ. ಮೊದಲು ಲೆಕ್ಕ ಕೇಳು.

ಆಯಿಯ ಬಂಗಾರದ ಮಾತು ಕೇಳಿ ನಿನ್ನ ಎದೆ ಒಡೆದಿದೆ, ನನ್ನಿಂದಲೇ ಹೀಗಾಯಿತು ಅಂದುಕೊಂಡಿದ್ದೀಯ. ಆಗಿರಲೂಬಹುದು. ಆದರೆ ನಮ್ಮ ಕಡೆ ಬಂಗಾರ ಮಳೆಗಾಲದಲ್ಲಿ ಸೊಸೈಟಿಗೆ ಹೋಗಿ ಅಡಿಕೆ ಮಾರಿದ ಮೇಲೆ ಮನೆಗೆ ಬರುವುದು ಎಷ್ಟೋ ಮನೆಗಳಲ್ಲಿ ವರ್ಷವೂ ನಡೆಯುವ ಮಾತು. ಮದ್ದು ಹೊಡೆಸಬೇಕು, ಆಳಿನ ಕೂಲಿ ಕೊಡಬೇಕು, ಕೈಯಲ್ಲಿ ಕಾಸಿರುವುದಿಲ್ಲ. ನೀನು ಮನೆಯಲ್ಲಿದ್ದಾಗಲೂ ಆ ಬಂಗಾರ ಒಂದೆರಡು ಸಲ ಹೋಗಿ ಬಂದಿರಬಹುದು, ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಈ ಸಲ ಬೆಳೆ ಕಮ್ಮಿ, ಬಿಡಿಸಿಕೊಳ್ಳುವುದು ತಡ ಆಗುತ್ತದೆ. ಅದು ಚಿಂತೆಯೇ, ಆದರೆ ಮನೆ ಮುಳುಗಿತು ಅಂತ ಅರ್ಥ ಅಲ್ಲ.

ಈಗ ಭಾನುವಾರಕ್ಕೆ ಬರುತ್ತೇನೆ. ಚಳಿಗಾಲದಲ್ಲಿ ನಿನಗೂ ನಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ನೀನು ಆಫೀಸು ಮುಗಿಸಿ ಆರಕ್ಕೆ ರೂಮಿಗೆ ಬಂದರೆ ಇಲ್ಲಿ ರಾತ್ರಿ ಹತ್ತೂವರೆ. ಆ ಹೊತ್ತಿಗೆ ಫೋನ್ ಮಾಡಿದರೆ ಕಣ್ಣು ಉಜ್ಜಿಕೊಂಡು 'ಆರಾಮು' ಅನ್ನದೆ ಇನ್ನೇನು ಅನ್ನುತ್ತಾರೆ? ಭಾನುವಾರ ಅಲ್ಲಿ ಅಂಗಡಿಗಳೂ ಬಾಗಿಲು ಹಾಕಿರುತ್ತವೆ, ನಿನಗೆ ಬೇರೆ ಕೆಲಸ ಇಲ್ಲ. ಮಧ್ಯಾಹ್ನ ಮೂರಕ್ಕೆ ಮಾಡು. ಇಲ್ಲಿ ಏಳೂವರೆ. ಸುಗ್ಗಿಯ ದಿನ, ಅಪ್ಪ ಜಗಲಿಯಲ್ಲಿ ಲೈಟಿನ ಕೆಳಗೆ ಮೆಟ್ಟುಗತ್ತಿ ಹಾಕಿ ಅಡಿಕೆ ಸುಲಿಯುತ್ತಾ ಕೂತಿರುತ್ತಾರೆ. ಎರಡೂ ಕೈಗೆ ಕೆಲಸ, ಫೋನ್ ಆಯಿ ಹಿಡಿದಿರುತ್ತಾರೆ ಅಥವಾ ಚೀಲಕ್ಕೆ ಒರಗಿಸಿ ಇಟ್ಟಿರುತ್ತಾರೆ. ನಮ್ಮ ಕಡೆ ಗಂಡಸರು ಮುಖ ನೋಡಿಕೊಂಡು ಕಷ್ಟ ಹೇಳುವವರಲ್ಲ. ಕೈಯಲ್ಲಿ ಕೆಲಸ ಇದ್ದಾಗ, ತಲೆ ಬಗ್ಗಿಸಿದ್ದಾಗ ಮಾತು ತಾನಾಗಿ ಬರುತ್ತದೆ.

'ಕೊಳೆ ಬಂದಿದೆಯಂತೆ, ಯಾಕೆ ಹೇಳಿಲ್ಲ' ಅಂತ ಶುರು ಮಾಡಬೇಡ. 'ಯಾರು ಹೇಳಿದ್ದು' ಅನ್ನುವ ಮರುಪ್ರಶ್ನೆ ಬರುತ್ತದೆ, ಪಾಪದ ಆ ಹುಡುಗ ಸಿಕ್ಕಿಹಾಕಿಕೊಳ್ಳುತ್ತಾನೆ, ಮಾತೆಲ್ಲ ಅಲ್ಲಿಗೇ ನಿಂತುಬಿಡುತ್ತದೆ. ಸುಮ್ನೆ ಕೇಳು: 'ಅಪ್ಪ, ಈ ವರ್ಷ ಎಷ್ಟು ಕ್ವಿಂಟಲ್ ಆಗಬಹುದು?' ಕ್ವಿಂಟಲ್ ಲೆಕ್ಕ ಕೇಳಿದರೆ ಯಾವ ತೋಟಗಾರನೂ ಸುಳ್ಳು ಹೇಳಲಾರ. ಹೇಳಿದರೂ ಪಕ್ಕದಲ್ಲಿ ಕೂತ ಆಯಿ ತಿದ್ದುತ್ತಾರೆ. ಆಮೇಲೆ ಬಂಗಾರದ ಸಾಲದ ಅವಧಿ ಯಾವಾಗ, ಬಡ್ಡಿ ಮಾತ್ರ ಕಟ್ಟಿ ಮುಂದುವರಿಸಲಿಕ್ಕೆ ಬರುತ್ತದಾ ಕೇಳು. ಹವಾಮಾನ ಆಧಾರಿತ ಬೆಳೆ ವಿಮೆಗೆ ಕಂತು ತುಂಬಿದ್ದರಾ ಕೇಳು. ಉತ್ತರ ಕನ್ನಡದಲ್ಲಿ ಅಡಿಕೆಗೆ, ಕಾಳುಮೆಣಸಿಗೆ ಆ ವಿಮೆ ಇದೆ. ಅದರಲ್ಲಿ ಪರಿಹಾರ ಲೆಕ್ಕ ಹಾಕುವುದು ದಾಖಲಾದ ಮಳೆಯ ಮೇಲೆ, ಆದ್ದರಿಂದ ಜಾಸ್ತಿ ಮಳೆಗೆ ಕೊಳೆತ ವರ್ಷ ಏನಾದರೂ ಬರಬಹುದು. ಬರುವುದು ತಡವಾಗಬಹುದು, ಅದು ಬೇರೆ ಮಾತು. ಬೈಸಿಕೊಂಡರೂ ಕೇಳು. 'ನಿಂಗೆ ಎಂತಕ್ಕೆ ಅದೆಲ್ಲ, ನೀ ಓದು' ಅನ್ನುತ್ತಾರೆ. ಮುಂದಿನ ಭಾನುವಾರ ಮತ್ತೆ ಕೇಳು.

ಲೆಕ್ಕ ಕೈಗೆ ಸಿಕ್ಕ ಮೇಲೂ ಈ ಸೆಮಿಸ್ಟರ್ ದುಡ್ಡು ಕಳಿಸಬೇಡ ಅಂತಲೇ ನಾನು ಹೇಳುವುದು. ನೀನು ವಾಪಸ್ ಕಳಿಸುವ ಇನ್ನೂರು ಯೂರೋ ಅಪ್ಪನಿಗೆ ಮರ್ಯಾದೆ ಪ್ರಶ್ನೆ ಆಗುತ್ತದೆ, ಸಾಲಕ್ಕೆ ಸಾಸಿವೆಯಷ್ಟೂ ತಾಗುವುದಿಲ್ಲ. ಶನಿವಾರದ ಕೆಲಸ ಸಿಕ್ಕರೆ ಆ ದುಡ್ಡು ನಿನ್ನ ಹತ್ತಿರವೇ ಇರಲಿ. ಮುಂದಿನ ಸೆಮಿಸ್ಟರಿಗೆ ಅಪ್ಪ ಕಳಿಸಬೇಕಾದದ್ದರಲ್ಲಿ ಅಷ್ಟು ಕಮ್ಮಿ ಆಯಿತಲ್ವಾ?

ಮತ್ತೆ ಆ ಬ್ರೆಡ್ಡು, ಆ ಅಳು. ಹೋಗುವಾಗ ಕತ್ತಲೆ, ಬರುವಾಗ ಕತ್ತಲೆ ಇರುವ ಊರಿನಲ್ಲಿ ಒಬ್ಬಳೇ ಇದ್ದರೆ ಯಾರಿಗೂ ಹಾಗಾಗುತ್ತದೆ. ಅಲ್ಲಿಯ ಯೂನಿವರ್ಸಿಟಿ ಊರುಗಳಲ್ಲಿ ಕ್ಯಾಂಟೀನು, ಹಾಸ್ಟೆಲ್ಲು ನಡೆಸುವ ವಿದ್ಯಾರ್ಥಿ ಸೇವಾ ಸಂಸ್ಥೆಗಳಿವೆ. ಹೆಚ್ಚಿನ ಕಡೆ ಅವರ ಹತ್ತಿರವೇ ಮನಸ್ಸಿನ ವಿಷಯಕ್ಕೂ, ದುಡ್ಡು, ಕೆಲಸದ ನಿಯಮಗಳಿಗೂ ಸಲಹೆ ಕೊಡುವವರು ಇರುತ್ತಾರೆ. ಇಂಟರ್ನ್‌ಶಿಪ್‌ನಲ್ಲಿದ್ದರೂ ನೀನು ವಿದ್ಯಾರ್ಥಿಯೇ, ಸಮಯ ತಗೊಂಡು ಹೋಗು. ಆಯಿಗೂ ಹೇಳು. ಪೂರ್ತಿ ಬೇಡ ಅನ್ನಿಸಿದರೆ 'ಅಡುಗೆ ಮಾಡಲಿಕ್ಕೆ ಬೇಜಾರಾಗ್ತದೆ' ಅಂತ ಅಷ್ಟಾದರೂ ಹೇಳು. ಫೋನಿನಲ್ಲೇ ಎದುರು ಕೂರಿಸಿಕೊಂಡು ಒಂದು ತಂಬ್ಳಿ ಮಾಡಿಸುತ್ತಾರೆ. ಮೊಸರು, ಜೀರಿಗೆ, ಕಾಳುಮೆಣಸು ಅಲ್ಲಿಯ ಅಂಗಡಿಯಲ್ಲೂ ಸಿಗುತ್ತವೆ.

ಸೀನಿಯರಿಗೆ ಮಾತ್ರ ಭಾನುವಾರದವರೆಗೆ ಕಾಯಬೇಡ, ಇವತ್ತೇ ಮೆಸೇಜ್ ಹಾಕು: 'ಕಾಂಟ್ರಾಕ್ಟ್ ಕೊಡಿಸಿ ಕನಿಷ್ಠ ಕೂಲಿ ಕೊಡೋದಾದ್ರೆ ಶನಿವಾರ ಬರ್ತೇನೆ, ಇಲ್ಲಾಂದ್ರೆ ಬೇಡ.'